ನ್ಹಾ ಟ್ರಾಂಗಿನಲ್ಲಿ ಒಂದು ವಾರ ಮತ್ತು ಶಕವರ್ಷದ ಲೆಕ್ಕ

ವಿಯೆಟ್ನಾಮಿನ ಕರಾವಳಿಯ ನ್ಹಾ ಟ್ರಾಂಗ್ ನಗರಕ್ಕೆ ನಾನು ಹೋದದ್ದು ಸಂಶೋಧನೆಗಾಗಿ ಅಲ್ಲ, ವಿಶ್ರಾಂತಿಗಾಗಿ. ಅರಭಾವಿಯಲ್ಲಿ ಘಟಪ್ರಭೆಯ ನೀರನ್ನೂ ಕಬ್ಬಿನ ಹೊಲಗಳನ್ನೂ ನೋಡುತ್ತ ಬೆಳೆದವನಿಗೆ ಏಳು ದಿನ ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿರಬೇಕೆಂಬುದು ಬಹುಕಾಲದ ಆಸೆ. ಮೊದಲೆರಡು ದಿನ ಹಾಗೆಯೇ ಕಳೆದವು. ಅಲ್ಲಿಯ ಜನ ಸೂರ್ಯೋದಯಕ್ಕೆ ಮುನ್ನವೇ ಸಮುದ್ರಕ್ಕಿಳಿಯುತ್ತಾರೆ. ಬಿಸಿಲೇರುವಷ್ಟರಲ್ಲಿ ಮರಳದಂಡೆ ಪ್ರವಾಸಿಗಳ ಪಾಲಾಗುತ್ತದೆ.

ಊಟದ ಬಗೆಗೆ ನನಗಿದ್ದ ಅಂಜಿಕೆಯೂ ಬೇಗನೆ ಹೋಯಿತು. ಅಲ್ಲಿ 'ಚಾಯ್' ಎಂದರೆ ಚಹಾ ಅಲ್ಲ, ಸಸ್ಯಾಹಾರ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಅನೇಕ ಬೌದ್ಧ ಗೃಹಸ್ಥರು ಮಾಂಸ ಬಿಡುತ್ತಾರೆ. ಅವರ ವಿಹಾರಗಳ ಅಡಿಗೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಗೂ ನಿಷೇಧವಿದೆ. ಹೀಗಾಗಿ ನನ್ನ ವ್ರತಕ್ಕೆ ಪರದೇಶದಲ್ಲಿ ಭಂಗ ಬರಲಿಲ್ಲ.

ಮೂರನೆಯ ದಿನ, ಕಾಯ್ ನದಿಯು ಕಡಲನ್ನು ಸೇರುವೆಡೆಯ ಗುಡ್ಡದ ಮೇಲಿನ ಪೋ ನಗರ್ ದೇಗುಲಗಳಿಗೆ ಹೋದೆ. 'ಪೋ ನಗರ್' ಎಂದರೆ ಚಾಮ್ ಭಾಷೆಯಲ್ಲಿ ನಾಡಿನ ಒಡತಿ. ಇದು ಹಿಂದಿನ ಚಂಪಾ ರಾಜ್ಯದ ಕೌಠಾರ ಪ್ರಾಂತ. ಗಾರೆಯ ಗುರುತೇ ಕಾಣದಂತೆ ಜೋಡಿಸಿದ ಕೆಂಪು ಇಟ್ಟಿಗೆಯ ಶಿಖರಗಳು; ದೊಡ್ಡ ಗುಡಿಯ ಕಲ್ಲಿನ ಬಾಗಿಲವಾಡಗಳ ಮೇಲೆ ಸಾಲುಸಾಲು ಅಕ್ಷರಗಳು. ವಿಶ್ರಾಂತಿಯ ಸಂಕಲ್ಪ ಅಲ್ಲಿಗೆ ಮುಗಿಯಿತು. ರಮೇಶಚಂದ್ರ ಮಜುಂದಾರರು 1927ರಲ್ಲಿ ಪ್ರಕಟಿಸಿದ 'ಚಂಪಾ' ಗ್ರಂಥದಲ್ಲಿ ಇಲ್ಲಿಯ ಶಾಸನಗಳ ಪಾಠಗಳಿವೆ. ಉಳಿದ ದಿನಗಳ ಸಂಜೆಗಳೆಲ್ಲ ಅದರ ಓದಿಗೇ ಸಂದವು.

ಆ ಶಾಸನಗಳು ಹೇಳುವ ಕತೆ ಹೀಗಿದೆ. ಶಕ 696ರಲ್ಲಿ, ಅಂದರೆ ಕ್ರಿ.ಶ. 774ರಲ್ಲಿ, ಹಡಗುಗಳಲ್ಲಿ ಬಂದ ಪರದೇಶದ ದಾಳಿಕಾರರು ಗುಡಿಯನ್ನು ಸುಟ್ಟು ಮುಖಲಿಂಗವನ್ನು ಒಯ್ದರು. ರಾಜ ಸತ್ಯವರ್ಮನು ಬೆನ್ನಟ್ಟಿ ಹೋಗಿ ಅವರನ್ನು ಕೊಂದನಾದರೂ ಮುಖಲಿಂಗವು ಕಡಲ ಪಾಲಾಗಿತ್ತು. ಶಕ 706ರಲ್ಲಿ, ಅಂದರೆ 784ರಲ್ಲಿ, ಅವನು ಹೊಸದನ್ನು ಪ್ರತಿಷ್ಠಾಪಿಸಿದನು. ಶಕ 840ರಲ್ಲಿ ಇಂದ್ರವರ್ಮನು ಭಗವತಿಯ ಬಂಗಾರದ ಮೂರ್ತಿಯನ್ನು ನಿಲ್ಲಿಸಿದನು. ಅದನ್ನು ಕಾಂಬೋಜರು ದೋಚಿದರು. ಶಕ 887ರಲ್ಲಿ, ಅಂದರೆ 965ರಲ್ಲಿ, ಜಯ ಇಂದ್ರವರ್ಮನು ಅದೇ ಸ್ಥಾನದಲ್ಲಿ ಕಲ್ಲಿನ ಮೂರ್ತಿಯನ್ನಿಟ್ಟನು. 1653ರಲ್ಲಿ ಕೌಠಾರವು ವಿಯೆಟ್ನಾಮಿ ಅರಸರ ಕೈಸೇರಿತು. ಹೊಸಬರು ದೇವಿಯನ್ನು ಹೊರಹಾಕಲಿಲ್ಲ. 'ಥಿಯೆನ್ ಇ ಆ ನಾ' ಎಂಬ ಹೆಸರಿನಲ್ಲಿ ತಮ್ಮವಳನ್ನಾಗಿ ಮಾಡಿಕೊಂಡು ಇಂದಿಗೂ ಪೂಜಿಸುತ್ತಿದ್ದಾರೆ.

ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಈ ಕಾಲಗಣನೆಗೆ ನನಗೆ ಯಾವ ಹೊಸ ಕೋಷ್ಟಕವೂ ಬೇಕಾಗಲಿಲ್ಲ. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಗತವರ್ಷವೋ ವರ್ತಮಾನವರ್ಷವೋ ಎಂಬುದರ ಮೇಲೆ ಒಂದು ವರ್ಷದ ಹೆಚ್ಚುಕಡಿಮೆ, ಅಷ್ಟೆ. ಕನ್ನಡ ಶಾಸನಗಳನ್ನು ಓದುವವನು ದಿನವೂ ಮಾಡುವ ಲೆಕ್ಕವಿದು. ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಗಲ್ಲಿನ ಶಾಸನ ಶಕ 465ರದು, ಅಂದರೆ 543. ಗೋಕಾಕದ ಬಳಿಯ ಕೊಣ್ಣೂರಿನಲ್ಲಿ ರಟ್ಟರ ಕಾಲದ ಬಸದಿಯ ಶಾಸನ ಶಕ 1009ರದು, ಅಂದರೆ 1087. ಪೋ ನಗರದ ಬಾಗಿಲವಾಡವೂ ಘಟಪ್ರಭೆಯ ದಂಡೆಯ ಕಲ್ಲೂ ಒಂದೇ ಗಣನೆಯಲ್ಲಿ ನಿಂತಿವೆ. ಎರಡು ನಾಡುಗಳ ಅರಸರು ಪರಸ್ಪರರ ಹೆಸರು ಕೇಳದಿದ್ದರೂ ಅವರ ಲಿಪಿಕಾರರು ವರ್ಷವನ್ನು ಒಂದೇ ಮೊದಲಿನಿಂದ ಎಣಿಸುತ್ತಿದ್ದರು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ. ಗೋಕಾಕದಲ್ಲಿ ದೊರೆತ ದೇಜ್ಜ ಮಹಾರಾಜನ ಕಾಲದ ಸಂಸ್ಕೃತ ತಾಮ್ರಪಟವನ್ನು ವಿದ್ವಾಂಸರು ಬಲ್ಲರು. ರಾಷ್ಟ್ರಕೂಟನಾದ ಈ ದೇಜ್ಜನ ಅಧೀನದಲ್ಲಿದ್ದ ಸೇಂದ್ರಕ ಕುಲದ ಇಂದ್ರಣಂದನು ಅರ್ಹಂತರ ಪೂಜೆಗಾಗಿ ಜಂಬುಖಂಡ ಗಣದ ಆಚಾರ್ಯ ಆರ್ಯಣಂದಿಗೆ 50 ನಿವರ್ತನ ಭೂಮಿಯನ್ನು ಕೊಟ್ಟನೆಂದು ಅದು ಹೇಳುತ್ತದೆ. ದಾನಿ, ಪ್ರತಿಗ್ರಾಹಿ, ಭೂಮಿಯ ಅಳತೆ ಎಲ್ಲವೂ ಸ್ಪಷ್ಟ. ವರ್ಷವೂ ಇದೆ: 845. ಆದರೆ ಅದು ಶಕವರ್ಷವಲ್ಲ, 'ಆಗುಪ್ತಾಯಿಕ' ಅರಸರ ವರ್ಷ. ಆ ಗಣನೆ ಎಂದಿನಿಂದ ಮೊದಲಾಯಿತೆಂಬುದರಲ್ಲಿ ಒಮ್ಮತವಿಲ್ಲದ ಕಾರಣ ಪಟದ ಕಾಲನಿರ್ಣಯ ಲಿಪಿಯ ಆಧಾರದ ಮೇಲಿನ ಅಂದಾಜಾಗಿಯೇ ಉಳಿದಿದೆ. ಕಡಲಾಚೆಯ ದೇವಿಯ ಮೂರ್ತಿ ಪ್ರತಿಷ್ಠೆಯಾದ ವರ್ಷವನ್ನು ನಾನು ನಿಸ್ಸಂಶಯವಾಗಿ ಹೇಳಬಲ್ಲೆ. ನನ್ನ ತಾಲೂಕಿನ ಮಗ್ಗುಲಲ್ಲಿ ನಡೆದ ದಾನದ ವರ್ಷವನ್ನು ಹಾಗೆ ಹೇಳಲಾರೆ.

ನ್ಹಾ ಟ್ರಾಂಗಿಗೂ ಇಂಥದೇ ಒಂದು ಕಲ್ಲಿದೆ. ನಗರದ ಸಮೀಪದ ವೊ ಕಾಂಞ್ ಗ್ರಾಮದಲ್ಲಿ ದೊರೆತು ಈಗ ಹನೋಯಿಯ ವಸ್ತುಸಂಗ್ರಹಾಲಯದಲ್ಲಿರುವ ಆ ಶಿಲಾಸ್ತಂಭವು ಆಗ್ನೇಯ ಏಷ್ಯದ ಅತಿ ಪ್ರಾಚೀನ ಸಂಸ್ಕೃತ ಶಾಸನಗಳಲ್ಲೊಂದು. ಶ್ರೀಮಾರ ಎಂಬ ಅರಸನ ವಂಶದವನೊಬ್ಬನು ಸಂಸಾರದ ಬರುಹೋಗುಗಳನ್ನು ನೆನೆದು ತನ್ನ ಬೆಳ್ಳಿಬಂಗಾರವನ್ನೂ ಚರಾಚರ ಸೊತ್ತನ್ನೂ ಬಂಧುಗಳಿಗೆ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಉಳಿದ ಭಾಗದಲ್ಲಿ ವರ್ಷವಿಲ್ಲ. ಆದ್ದರಿಂದ ಅದನ್ನು ಎರಡನೆಯ ಶತಮಾನಕ್ಕೆ ಒಯ್ಯುವವರೂ ಇದ್ದಾರೆ, ಐದನೆಯ ಶತಮಾನಕ್ಕೆ ತರುವವರೂ ಇದ್ದಾರೆ.

ಚಂಪಾ ರಾಜ್ಯ ಅಳಿಯಿತು. ಚಾಮ್ ಜನ ಉಳಿದಿದ್ದಾರೆ. ನ್ಹಾ ಟ್ರಾಂಗಿನ ದಕ್ಷಿಣಕ್ಕೆ ಫಾನ್ ರಾಂಗ್ ಸುತ್ತಮುತ್ತ ವಾಸಿಸುವ ಅವರಲ್ಲಿ ಇಸ್ಲಾಂ ಪ್ರಭಾವಕ್ಕೆ ಒಳಗಾದವರೂ ಇದ್ದಾರೆ, ಹಳೆಯ ದೇವರನ್ನು ಬಿಡದವರೂ ಇದ್ದಾರೆ. ಅವರ ಪಂಚಾಂಗದ ಹೆಸರು 'ಸಕವಿ'. ಶಕ ಎಂಬ ಮಾತು ಅದರಲ್ಲಿ ಕೇಳಿಸುತ್ತದೆ. ನಮ್ಮಲ್ಲಿಯೂ ಯುಗಾದಿಯ ದಿನ ಓದುವ ಪಂಚಾಂಗದ ಮೊದಲ ಪುಟದಲ್ಲಿ ಶಾಲಿವಾಹನ ಶಕ ಇನ್ನೂ ಇದೆ. ಅದನ್ನು ಎಣಿಸುವವರು ಕಡಿಮೆಯಾಗಿದ್ದಾರೆ.

ಏಳನೆಯ ದಿನ ಊರಿಗೆ ಹೊರಟಾಗ ವಿಶ್ರಾಂತಿ ಸಾಲದಾಯಿತೆಂದು ಅನ್ನಿಸಲಿಲ್ಲ. ಓದುಗರಲ್ಲಿ ಒಂದು ವಿನಂತಿ ಮಾತ್ರ ಇದೆ. ನಿಮ್ಮ ಹೊಲದ ಬದುವಿನಲ್ಲೋ ಗುಡಿಯ ಕಟ್ಟೆಯಲ್ಲೋ ಅಕ್ಷರದ ಕಲ್ಲು ಕಂಡರೆ, ಅದಕ್ಕೆ ಸುಣ್ಣ ಬಳಿಯುವ ಮೊದಲು 'ಶಕವರ್ಷ' ಎಂಬ ಮಾತು ಎಲ್ಲಿದೆಯೆಂದು ಹುಡುಕಿ, ಆ ಸಾಲಿನ ಚಿತ್ರ ತೆಗೆದಿಡಿ. ಉಳಿದ ಸಾಲುಗಳು ಸವೆದಿದ್ದರೂ ಚಿಂತೆಯಿಲ್ಲ. ಆ ಒಂದು ಸಾಲು ಉಳಿದರೆ ಕಲ್ಲಿಗೆ ಚರಿತ್ರೆಯಲ್ಲಿ ಒಂದು ನೆಲೆ ಸಿಗುತ್ತದೆ.