ಸವಣೂರಿನ ಹತ್ತಿರ ಬಿದ್ದ ಒಂದು ಕನಸು

ಸವಣೂರು ಅಂದ ಕೂಡಲೇ ನಮ್ಮ ಆಫೀಸಿನ ಗೆಳೆಯರಿಗೆ ನೆನಪಾಗೋದು ಎಲೆ ಮತ್ತು ಖಾರ. ಓದುವ ಹವ್ಯಾಸ ಇದ್ದವರು ವಿ.ಕೃ. ಗೋಕಾಕರು ಹುಟ್ಟಿದ ಊರು ಅಂತಾರೆ. ತಿರುಗಾಟದ ಚಟ ಇದ್ದವರು ದೊಡ್ಡಹುಣಸೆ ಮಠದ ದೈತ್ಯ ಮರಗಳ ಮುಂದೆ ತೆಗೆಸಿಕೊಂಡ ಫೋಟೋ ತೋರಿಸ್ತಾರೆ. ಆದರೆ ಈ ಊರಿನ ಹೆಸರು ಇನ್ನೊಂದು ಕಡೆಯೂ ಇದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಪುಟ್ಟದೊಂದು ಪಾರ್ಸಿ ಹಸ್ತಪ್ರತಿಯಲ್ಲಿ. ಅದು ಟಿಪ್ಪು ಸುಲ್ತಾನ ತನ್ನ ಕೈಯಾರೆ ಬರೆದುಕೊಂಡ ಕನಸುಗಳ ಪುಸ್ತಕ.

ಕನಸಿಗೆ ಹೋಗೋ ಮುಂಚೆ ಸ್ವಲ್ಪ ಹಿನ್ನೆಲೆ. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನಿಗೂ ಶ್ರೀರಂಗಪಟ್ಟಣಕ್ಕೂ ಕೊಟ್ಟು ತಂದ ಸಂಬಂಧ ಇತ್ತು. ಹೈದರಾಲಿಯ ಮಗಳು ಸವಣೂರಿಗೆ ಸೊಸೆಯಾಗಿ ಬಂದಳು, ನವಾಬನ ಮಗಳು ಹೈದರನ ಎರಡನೇ ಮಗನ ಹೆಂಡತಿಯಾಗಿ ಹೋದಳು. ಆದರೆ ಬೀಗತನದ ನಡುವೆ ಕಪ್ಪದ ಬಾಕಿ ಬಂತು, ತಗಾದೆ ಬಂತು. 1786ರಲ್ಲಿ ಮರಾಠರೂ ನಿಜಾಮನೂ ಸೇರಿ ಟಿಪ್ಪುವಿನ ಮೇಲೆ ಬಂದಾಗ ನವಾಬ ಮರಾಠರ ಕಡೆ ನಿಂತ. ಟಿಪ್ಪುವಿನ ದಂಡು ಸವಣೂರಿನ ಬಯಲಿಗೆ ಬಂತು.

ಮರಾಠಾ ಸರದಾರ ಹರಿಪಂತ ಫಡಕೆಯ ಪಾಳೆಯದ ಮೇಲೆ ದಾಳಿ ಮಾಡುವ ಮುಂಚೆ ಟಿಪ್ಪುವಿಗೆ ಒಂದು ಕನಸು ಬಿತ್ತು. ಸವಣೂರಿನ ಬಳಿ, ದೇವಗಿರಿಯ ಹತ್ತಿರ ಅಂತ ಜಾಗದ ಹೆಸರೂ ಪುಸ್ತಕದಲ್ಲಿದೆ. ಕನಸಲ್ಲಿ ಒಬ್ಬ ಚೆಂದದ ಅಪರಿಚಿತ ಯುವಕ ಬಂದು ಪಕ್ಕದಲ್ಲಿ ಕೂರ್ತಾನೆ. ಟಿಪ್ಪು ಅವನ ಜೊತೆ ಚೇಷ್ಟೆಯ ಮಾತಾಡ್ತಾನೆ, ಆಮೇಲೆ ‘ಇದು ನನ್ನ ಸ್ವಭಾವ ಅಲ್ಲವಲ್ಲ’ ಅಂತ ತನಗೇ ಅನ್ನಿಸುತ್ತೆ. ಯುವಕ ಎದ್ದು ಪೇಟದೊಳಗಿನ ಕೂದಲು ಬಿಚ್ಚಿದಾಗ ಅವನು ಹೆಣ್ಣು ಅಂತ ಗೊತ್ತಾಗುತ್ತೆ. ಎದ್ದಮೇಲೆ ಟಿಪ್ಪು ಅರ್ಥ ಹಚ್ಚಿಕೊಳ್ತಾನೆ: ಈ ಮರಾಠರು ಗಂಡಸರ ಉಡುಪಿನಲ್ಲಿರುವ ಹೆಂಗಸರು, ಓಡಿಹೋಗ್ತಾರೆ. ಇವತ್ತು ಓದಿದರೆ ಈ ಅರ್ಥ ಕಸಿವಿಸಿ ಮಾಡುತ್ತೆ. ಆ ಕನಸಿನ ಸಂಕೋಚ ಮಾತ್ರ ಎಷ್ಟು ಮನುಷ್ಯಸಹಜ ನೋಡಿ.

ಇನ್ನು ಪುಸ್ತಕ ಸಿಕ್ಕಿದ್ದು ಹೇಗೆ? 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅರಮನೆಯ ಕಾಗದಪತ್ರ ಜಾಲಾಡುತ್ತಿದ್ದ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಬರೆಯುವ ಮೇಜಿನಲ್ಲಿ, ಬೇರೆ ಗುಟ್ಟಿನ ಕಾಗದಗಳ ಜೊತೆ ಇದು ಸಿಕ್ಕಿತು. ಸುಲ್ತಾನನ ಆಪ್ತ ಮುನ್ಶಿ ಹಬೀಬುಲ್ಲಾ ಅಲ್ಲೇ ಇದ್ದ. ಇಂಥದ್ದೊಂದು ಪುಸ್ತಕ ಇದೆ ಅಂತ ಅವನಿಗೆ ಗೊತ್ತಿತ್ತು, ಆದರೆ ಯಾವತ್ತೂ ಕಣ್ಣಲ್ಲಿ ಕಂಡಿರಲಿಲ್ಲ. ಬರೆಯುವಾಗ, ಓದುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮುಚ್ಚಿಡುತ್ತಿದ್ದನಂತೆ. ಮುಂದಿನ ವರ್ಷವೇ, 1800ರಲ್ಲಿ, ಪುಸ್ತಕ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಉಡುಗೊರೆಯಾಗಿ ಲಂಡನ್ ಸೇರಿತು. ಅದೇ ವರ್ಷ ಕೆಲವು ಕನಸುಗಳು ಇಂಗ್ಲಿಷಿನಲ್ಲಿ ಅಚ್ಚಾಗಿಯೂ ಹೋದವು.

ನನ್ನನ್ನು ಕಾಡುವ ವಿಷಯ ಇಲ್ಲಿದೆ. ಸವಣೂರಿನ ಕನಸನ್ನು ಟಿಪ್ಪು ತನ್ನ ಜನರಿಗೆ ತಾನೇ ಹೇಳಿದ್ದ. ಹಾಗಾಗಿ ಅದು ಗುಟ್ಟು ಅಲ್ಲ ಅನ್ನಬಹುದಾ? ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಒಬ್ಬರಿಗೆ ಕೊಟ್ಟ ಆಕ್ಸೆಸ್ ಎಲ್ಲರಿಗೂ ಕೊಟ್ಟ ಆಕ್ಸೆಸ್ ಅಲ್ಲ. ದಾಳಿಗೆ ಹೊರಟವರಿಗೆ ಧೈರ್ಯ ತುಂಬೋಕೆ ಹೇಳಿದ ಮಾತು, ಗೆದ್ದ ಶತ್ರುವಿನ ಕೈಯಲ್ಲಿ ವಿಜಯದ ಸಾಮಾನು ಆಯ್ತು.

ಕರ್ಕ್‌ಪ್ಯಾಟ್ರಿಕ್ ಅಲ್ಲಿಗೇ ನಿಲ್ಲಲಿಲ್ಲ. 1811ರಲ್ಲಿ ಟಿಪ್ಪುವಿನ ನಾಲ್ಕುನೂರಕ್ಕೂ ಹೆಚ್ಚು ಪತ್ರಗಳನ್ನು ಅನುವಾದಿಸಿ ಅಚ್ಚು ಹಾಕಿಸಿದ. ಪುಸ್ತಕದ ಹೆಸರಲ್ಲೇ ‘ಆಯ್ದ’ ಅನ್ನೋ ಪದ ಇದೆ. ಆಯ್ದವನು ಸೋತವನ ವೈರಿ. ಟಿಪ್ಪು ಕ್ರೂರಿ, ಮತಾಂಧ ಅಂತ ಮುನ್ನುಡಿಯಲ್ಲೇ ತೀರ್ಪು ಕೊಟ್ಟು, ಪತ್ರಪತ್ರಕ್ಕೂ ಟಿಪ್ಪಣಿ ಹಚ್ಚಿದ. ಆ ಹೊತ್ತಿಗೆ ಟಿಪ್ಪುವಿನ ಮಕ್ಕಳು ಕಲ್ಕತ್ತೆಯಲ್ಲಿ, ಕಂಪನಿಯ ಕಣ್ಗಾವಲಿನಲ್ಲಿ ಇನ್ನೂ ಬದುಕಿದ್ದರು. ಅವರನ್ನು ಕೇಳುವವರು ಯಾರು?

ಹಂಗಂತ ಓದಲೇಬಾರದಿತ್ತು ಅಂತ ನಾನು ಹೇಳಲಾರೆ. ಸರದಾರರಿಗೆ, ಕೋಟೆಯ ಕಿಲ್ಲೇದಾರರಿಗೆ ಬರೆದ ಹುಕುಂ ಸರ್ಕಾರದ ಕಾಗದ. ಅದರಲ್ಲಿ ಕ್ರೌರ್ಯ ಇದ್ದರೆ ಅದು ನಮಗೆ ಗೊತ್ತಾಗಬೇಕು, ಯಾಕೆಂದರೆ ಆ ಹುಕುಂನಿಂದ ನರಳಿದವರೂ ಈ ನೆಲದವರೇ. ಕನಸಿನ ಪುಸ್ತಕದಿಂದಲೂ ಲಾಭವಾಗಿದೆ. ಕಂಪನಿ ಚಿತ್ರಿಸಿದ ರಾಕ್ಷಸ, ನಾವು ಕಟ್ಟಿಕೊಂಡ ವೀರ, ಇವೆರಡರ ಹಿಂದೆ ಚಿಂತೆಯಿಂದ ನಿದ್ದೆಗೆಟ್ಟ ಒಬ್ಬ ಮನುಷ್ಯ ಅಲ್ಲಿ ಸಿಗ್ತಾನೆ. ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗೆ ಬರೆದ ನಾಟಕ ಹುಟ್ಟಿದ್ದು ಇದೇ ಕನಸುಗಳಿಂದ. ಅದೇ ಪುಸ್ತಕ, ಓದಿದ ಮನಸ್ಸು ಬೇರೆ.

ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಉತ್ತರ ಇತ್ತು. ಓದು ಬಾರದ ಮನೆಗೆ ಕಾಗದ ಬಂದರೆ ಪೋಸ್ಟ್‌ಮ್ಯಾನೋ, ಮಾಸ್ತರೋ, ಶಾಲೆಗೆ ಹೋಗುವ ಹುಡುಗನೋ ಓದಿ ಹೇಳುತ್ತಿದ್ದ. ಗಂಡನ ಮನೆಯ ಕಷ್ಟ, ಸಾಲ, ಬಸಿರು, ಜಗಳ, ಎಲ್ಲವೂ ಅವನ ಕಿವಿಗೂ ಬೀಳುತ್ತಿತ್ತು. ಓದುವುದು ತಪ್ಪಾಗಿರಲಿಲ್ಲ. ಕಟ್ಟೆಗೆ ಬಂದು ಅದನ್ನು ಆಡಿದರೆ ತಪ್ಪು. ಆಡಿದವನ ಹತ್ತಿರ ಮತ್ತೆ ಯಾರೂ ಕಾಗದ ತರುತ್ತಿರಲಿಲ್ಲ. ಓದಿದ ಕಾಗದ ತಂತಿಯ ಕೊಕ್ಕೆಗೆ ಹೋಗುತ್ತಿತ್ತು, ಸಾವಿನ ಸುದ್ದಿಯದ್ದಾದರೆ ಅಲ್ಲೇ ಹರಿದು ಹಾಕುತ್ತಿದ್ದರು.

ಈಗ ಆ ಕೊಕ್ಕೆಯ ಕಾಗದಗಳೇ ರದ್ದಿಯವರಿಂದ ಸಂಗ್ರಾಹಕರ ಕೈಗೆ ಬರ್ತಿವೆ. ಸ್ಟಾಂಪ್‌ಗೆ, ಹಳೇ ಮೊಹರಿಗೆ ಬೆಲೆ ಇದೆ. ಒಳಗಿರುವ ಅಕ್ಕನೊಬ್ಬಳ ಅಳು ಅದರ ಜೊತೆ ಪುಕ್ಕಟೆ ಬರುತ್ತೆ. ಕಾಗದ ಕೊಂಡವರು ಹಾಳೆಯ ಒಡೆಯರು, ಒಪ್ಪೋಣ. ಮಾತಿನ ಒಡೆತನ ಮಾತ್ರ ಅಂಗಡಿಯಲ್ಲಿ ಸಿಗೋದಿಲ್ಲ. ಬರೆದವರು ಸತ್ತಿರಬಹುದು, ಆದರೆ ಕಾಗದದೊಳಗೆ ಹೆಸರಿರುವವರ ಮಗಳು, ಮೊಮ್ಮಗ ಪಕ್ಕದ ಬೀದಿಯಲ್ಲೇ ಇರಬಹುದು. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಮುಂಚೆ ಹೆಸರು, ವಿಳಾಸ ಮುಚ್ಚಿದರೆ ಇತಿಹಾಸಕ್ಕೆ ಏನೂ ನಷ್ಟ ಇಲ್ಲ. ವಾರಸುದಾರರು ಸಿಕ್ಕರೆ ಒಂದು ಮಾತು ಕೇಳೋದಕ್ಕೂ ಖರ್ಚಿಲ್ಲ.

ಒಮ್ಮೊಮ್ಮೆ ಆ ಕೊಟ್ಟು ತಂದ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಯೋಚಿಸ್ತೀನಿ. 1786ರಲ್ಲಿ ಇಬ್ಬರದೂ ತವರು ಒಂದು ಕಡೆ, ಗಂಡನ ಮನೆ ಇನ್ನೊಂದು ಕಡೆ, ನಡುವೆ ತೋಪು. ನಾಳೆ ಸವಣೂರಿನ ಯಾವುದೋ ಹಳೇ ಪೆಟ್ಟಿಗೆಯಲ್ಲಿ ಅವರಲ್ಲೊಬ್ಬಳು ಬರೆದ ಕಾಗದ ಸಿಕ್ಕರೆ? ಖಂಡಿತ ಓದಬೇಕು. ಯುದ್ಧದ ಬಗ್ಗೆ ಸುಲ್ತಾನನಿಗೂ ಪೇಶ್ವೆಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಿರುತ್ತೆ. ಆದರೆ ಪೂರ್ತಿ ಓದಬೇಕು. ಟಿಪ್ಪುವಿನ ಪರವಾಗಿಯೋ ವಿರುದ್ಧವಾಗಿಯೋ ಬೇಕಾದ ಒಂದು ಸಾಲು ಕಿತ್ತುಕೊಂಡು ಓಡೋದಾದರೆ, ಆ ಪೆಟ್ಟಿಗೆ ಮುಚ್ಚಿರೋದೇ ವಾಸಿ.