ಹುಟ್ಟಿನಿಂದ ಬಂದ ನಂಬಿಕೆ, ಒಳಗಿನ ನಿಯ್ಯತ್ತು: ಗಝಾಲಿಯ ಕಾಲದ ಖುರಾಸಾನ್ ಮತ್ತು ಬಗ್ದಾದ್

ಹನ್ನೊಂದನೆಯ ಶತಮಾನದ ಖುರಾಸಾನಿನಲ್ಲಿ ಮುಸ್ಲಿಮನೊಬ್ಬನ ಧಾರ್ಮಿಕ ಬದುಕಿನ ಬಹುಪಾಲು ಅವನು ಹುಟ್ಟಿದ ಮನೆಯಲ್ಲೇ ತೀರ್ಮಾನವಾಗಿಬಿಡುತ್ತಿತ್ತು. ಇಂದಿನ ಈಶಾನ್ಯ ಇರಾನ್, ಅದಕ್ಕೆ ತಾಗಿದ ಅಫ್ಘಾನಿಸ್ತಾನ ಮತ್ತು ತುರ್ಕಮೆನಿಸ್ತಾನದ ಭಾಗಗಳು ಸೇರಿದ್ದ ಆ ಸೀಮೆಯಲ್ಲಿ ನೈಶಾಪುರ, ಮರ್ವ್, ಹೆರಾತ್, ಬಲ್ಖ್ ದೊಡ್ಡ ಪಟ್ಟಣಗಳು. ಅಪ್ಪ ಹನಫಿ ಪಂಥದವನಾದರೆ ಮಗನೂ ಹನಫಿ, ಅಪ್ಪ ಶಾಫಿಯಾದರೆ ಮಗನೂ ಶಾಫಿ. ನಮಾಜಿನಲ್ಲಿ ಕೈ ಎಲ್ಲಿ ಕಟ್ಟಬೇಕು, ಯಾವ ಉಸ್ತಾದರ ಬಳಿ ಓದಬೇಕು ಎಂಬುದನ್ನೆಲ್ಲ ಪಂಥವೇ ಹೇಳುತ್ತಿತ್ತು. ನೈಶಾಪುರದಲ್ಲಂತೂ ಈ ಎರಡು ಪಂಥಗಳು ಊರಿನ ಎರಡು ಬಣಗಳೇ ಆಗಿದ್ದವು. ಖಾಜಿಯ ಹುದ್ದೆ, ಮಸೀದಿಯ ಪ್ರವಚನಪೀಠ ಯಾರಿಗೆ ಎಂಬುದರ ಮೇಲೆ ಜಗಳ ನಡೆಯುತ್ತಿತ್ತು. ಸೆಲ್ಜುಕ್ ದೊರೆ ತುಘ್ರಿಲ್‌ನ ವಜೀರ ಕುಂದುರಿಯ ಕಾಲದಲ್ಲಿ ಶಾಫಿ ಪಂಥದೊಳಗಿನ, ಅಶ್‌ಅರಿ ಎಂಬ ಧರ್ಮತತ್ತ್ವ ಶಾಖೆಯ ವಿದ್ವಾಂಸರ ಮೇಲೆ ಕಿರುಕುಳ ಶುರುವಾಗಿ, ಊರಿನ ಹೆಸರಾಂತ ಪಂಡಿತ ಜುವೈನಿ ಮಕ್ಕಾ, ಮದೀನಾಗಳಿಗೆ ಓಡಿಹೋಗಬೇಕಾಯಿತು.

ಪೂರ್ವಿಕರನ್ನೋ ಪಂಥದ ಹಿರಿಯರನ್ನೋ ಪುರಾವೆ ಕೇಳದೆ ಅನುಸರಿಸುವುದಕ್ಕೆ ತಖ್ಲೀದ್ ಎಂದು ಹೆಸರು. ದಿನನಿತ್ಯದ ಆಚರಣೆಯಲ್ಲಿ ಇದು ಬೇಕೇಬೇಕಾದ ವ್ಯವಸ್ಥೆ. ನೇಕಾರನೋ ರೈತನೋ ಪ್ರತಿಯೊಂದು ವಿಧಿಗೂ ಹದೀಸ್ (ಪ್ರವಾದಿಯ ವಚನ) ಹುಡುಕುತ್ತ ಕೂರಲಾರ. ಆದರೆ ದೇವರಿದ್ದಾನೆ, ಪ್ರವಾದಿ ನಿಜ ಎಂಬ ಮೂಲ ನಂಬಿಕೆಯೂ ಹೀಗೆ ಬಳುವಳಿಯಾಗಿ ಬಂದರೆ ಅದನ್ನು ನಂಬಿಕೆ ಎನ್ನಬಹುದೇ ಎಂಬ ಪ್ರಶ್ನೆಯನ್ನು ಅಶ್‌ಅರಿ ಪಂಡಿತರು ಮೊದಲಿನಿಂದಲೂ ಚರ್ಚಿಸುತ್ತಿದ್ದರು. ಪಾಠಶಾಲೆಯ ಆ ಚರ್ಚೆಯನ್ನು ತಮ್ಮ ಸ್ವಂತ ಬದುಕಿನ ಸಂಕಟವಾಗಿಸಿಕೊಂಡು, ಅದರ ಕಥೆಯನ್ನು ತಾವೇ ಬರೆದಿಟ್ಟವರು ಅಬೂ ಹಾಮಿದ್ ಮುಹಮ್ಮದ್ ಅಲ್ ಗಝಾಲಿ.

ಗಝಾಲಿ ಸುಮಾರು 1058ರಲ್ಲಿ ಖುರಾಸಾನಿನ ತೂಸ್‌ನಲ್ಲಿ ಹುಟ್ಟಿದರು. ತಂದೆ ಉಣ್ಣೆ ನೂತು ಮಾರಿ ಬದುಕುತ್ತಿದ್ದ ಬಡವ, ವಿದ್ವಾಂಸರೆಂದರೆ ಅಪಾರ ಗೌರವ ಇಟ್ಟುಕೊಂಡಿದ್ದವನು ಎಂದು ಚರಿತ್ರಕಾರ ಸುಬ್ಕಿ ಬರೆಯುತ್ತಾನೆ. ಸಾಯುವ ಮುಂಚೆ ಆತ ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳನ್ನು ಸೂಫಿ ಗೆಳೆಯನೊಬ್ಬನ ಕೈಗೊಪ್ಪಿಸಿದ. ಬಿಟ್ಟುಹೋದ ಅಲ್ಪ ಹಣ ಮುಗಿದ ಮೇಲೆ ಆ ಸೂಫಿ ಹುಡುಗರಿಗೆ ಒಂದು ದಾರಿ ತೋರಿಸಿದ: ಮದ್ರಸಾಕ್ಕೆ ಸೇರಿಕೊಳ್ಳಿ, ಅಲ್ಲಿ ಓದುವವರಿಗೆ ಊಟ ಸಿಗುತ್ತದೆ. ದೇವರಿಗಾಗಿ ಅಲ್ಲ, ಹೊಟ್ಟೆಗಾಗಿ ವಿದ್ಯೆಯ ಬಾಗಿಲು ತಟ್ಟಿದೆವು ಎಂಬುದನ್ನು ಗಝಾಲಿ ಮುಂದೆ ದೊಡ್ಡವರಾದ ಮೇಲೂ ನೆನೆಯುತ್ತಿದ್ದರಂತೆ. ಯಾವ ಕಾರಣಕ್ಕೆ ಓದುತ್ತಿದ್ದೇನೆ ಎಂಬ ಪ್ರಶ್ನೆ ಅವರನ್ನು ಮುಂದೆ ಎಷ್ಟು ಕಾಡಿತು ಎಂಬುದನ್ನು ನೋಡಿದರೆ, ಈ ಬಾಲ್ಯದ ನೆನಪನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಜುರ್ಜಾನ್‌ನಲ್ಲಿ ಓದು ಮುಗಿಸಿ ಊರಿಗೆ ಮರಳುವಾಗ ದಾರಿಗಳ್ಳರು ಅವರ ಗಂಟನ್ನು ಕಿತ್ತುಕೊಂಡ ಪ್ರಸಂಗವೂ ಸುಬ್ಕಿಯಲ್ಲಿದೆ. ಪಾಠದ ಟಿಪ್ಪಣಿಗಳನ್ನಾದರೂ ಕೊಡಿ ಎಂದು ತರುಣ ಗಝಾಲಿ ಅಂಗಲಾಚಿದಾಗ ಕಳ್ಳರ ನಾಯಕ ನಕ್ಕನಂತೆ: ಕಾಗದ ಹೋದರೆ ಹೋಗಿಬಿಡುವ ವಿದ್ಯೆ ಎಂಥ ವಿದ್ಯೆ? ಟಿಪ್ಪಣಿ ವಾಪಸು ಸಿಕ್ಕಿತು. ಆದರೂ ಗಝಾಲಿ ಊರು ಸೇರಿ ಮೂರು ವರ್ಷ ಕೂತು ಅದಷ್ಟನ್ನೂ ಬಾಯಿಪಾಠ ಮಾಡಿದರು.

ತಮ್ಮ ಕೊನೆಯ ವರ್ಷಗಳಲ್ಲಿ ಬರೆದ ‘ಅಲ್ ಮುನ್‌ಖಿಝ್ ಮಿನ ದ್ದಲಾಲ್’ ಎಂಬ ಸಣ್ಣ ಪುಸ್ತಕದಲ್ಲಿ, ಇಪ್ಪತ್ತು ತುಂಬುವ ಮುಂಚೆಯೇ ತಮ್ಮಲ್ಲಿ ಪ್ರಶ್ನೆಗಳು ಶುರುವಾದವು ಎಂದು ಅವರು ಹೇಳುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಬಹಳ ಸಾಮಾನ್ಯ ಸಂಗತಿ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ ಬೆಳೆಯುತ್ತಾರೆ, ಯಹೂದಿಗಳ ಮಕ್ಕಳು ಯಹೂದಿಗಳಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ. ಮಗು ಸಹಜ ಸ್ವಭಾವದಲ್ಲಿ ಹುಟ್ಟುತ್ತದೆ, ಅದನ್ನು ಯಹೂದಿಯೋ ಕ್ರೈಸ್ತನೋ ಅಗ್ನಿಪೂಜಕನೋ ಆಗಿಸುವವರು ತಂದೆತಾಯಿ ಎಂಬ ಹದೀಸ್ ಅವರಿಗೆ ಗೊತ್ತಿತ್ತು. ಸಾಮಾನ್ಯವಾಗಿ ಅದನ್ನು ಪರಧರ್ಮೀಯರ ಬಗ್ಗೆ ಹೇಳಿದ್ದೆಂದು ಓದುತ್ತಿದ್ದರು. ಗಝಾಲಿ ಅದನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು. ತಾನು ತೂಸ್‌ನ ಬೇರೊಂದು ಮನೆಯಲ್ಲಿ ಹುಟ್ಟಿದ್ದರೆ ಅಷ್ಟೇ ಗಟ್ಟಿಯಾಗಿ ಬೇರೇನನ್ನೋ ನಂಬುತ್ತಿದ್ದೆನಲ್ಲ ಎಂಬುದು ಅದರ ನೇರ ಅರ್ಥ. ತಖ್ಲೀದ್ ಗಾಜಿನಂತೆ, ಒಡೆದರೆ ಬೆಸೆಯಲು ಬರುವುದಿಲ್ಲ, ಕರಗಿಸಿ ಹೊಸದಾಗಿಯೇ ಎರೆಯಬೇಕು ಎಂದು ಅವರು ಬರೆದದ್ದು ಈ ಅನುಭವದಿಂದ.

ನಂಬಿಕೆಯಿಂದ ಶುರುವಾದ ಸಂಶಯ ಇಂದ್ರಿಯಗಳವರೆಗೂ ಹೋಯಿತು. ನೆರಳು ನಿಂತಂತೆ ಕಾಣುತ್ತದೆ, ಆದರೆ ಗಳಿಗೆ ಬಿಟ್ಟು ನೋಡಿದರೆ ಸರಿದಿರುತ್ತದೆ. ನಕ್ಷತ್ರ ದಿನಾರ್ ನಾಣ್ಯದಷ್ಟು ಕಾಣುತ್ತದೆ, ರೇಖಾಗಣಿತ ಅದು ಭೂಮಿಗಿಂತ ದೊಡ್ಡದೆನ್ನುತ್ತದೆ. ಕಣ್ಣನ್ನು ಬುದ್ಧಿ ಸುಳ್ಳಾಗಿಸುವುದಾದರೆ, ಬುದ್ಧಿಯನ್ನು ಸುಳ್ಳಾಗಿಸುವ ಇನ್ನೊಂದು ಇರಬಾರದೇಕೆ? ಕನಸಿನಲ್ಲಿದ್ದಾಗ ಕನಸೇ ನಿಜವೆನಿಸುವುದಿಲ್ಲವೇ? ಸುಮಾರು ಎರಡು ತಿಂಗಳು ಅವರು ಯಾವುದನ್ನೂ ನಂಬಲಾರದ ಸ್ಥಿತಿಯಲ್ಲಿದ್ದರು, ಹೊರಗೆ ಯಾರಿಗೂ ಹೇಳಲಿಲ್ಲ. ಅದರಿಂದ ಹೊರಬಂದದ್ದು ವಾದದ ಬಲದಿಂದಲ್ಲ, ದೇವರು ಎದೆಗೆ ಹಾಕಿದ ಬೆಳಕಿನಿಂದ ಎಂದು ಅವರು ಹೇಳಿಕೊಳ್ಳುತ್ತಾರೆ. ಇದು ಯಾವ ವರ್ಷ ನಡೆಯಿತೆಂದು ಅವರು ಬರೆದಿಲ್ಲ.

ಹೊರಗಿನ ಬದುಕು ಮಾತ್ರ ಮೇಲೇರುತ್ತಲೇ ಇತ್ತು. ನೈಶಾಪುರದಲ್ಲಿ, ಗಡೀಪಾರಿನಿಂದ ಮರಳಿ ಬಂದಿದ್ದ ಜುವೈನಿಯವರ ಬಳಿ ಓದು. 1085ರಲ್ಲಿ ಗುರು ತೀರಿಕೊಂಡ ಮೇಲೆ ಸೆಲ್ಜುಕ್ ವಜೀರ ನಿಜಾಮುಲ್ ಮುಲ್ಕ್‌ನ ಆಸ್ಥಾನ. ಈ ವಜೀರ ಕಟ್ಟಿಸಿದ ನಿಜಾಮಿಯಾ ಮದ್ರಸಾಗಳು ವಿದ್ಯೆಯನ್ನು ಸಂಬಳ, ವಸತಿ, ವಕ್ಫ್ ಆದಾಯ ಇರುವ ಕಸುಬನ್ನಾಗಿ ಮಾಡಿದ್ದವು. ಬೀದರಿನಲ್ಲಿ 1472ರಲ್ಲಿ ಎದ್ದ ಮಹಮೂದ್ ಗಾವಾನನ ಮದ್ರಸಾ ಇದೇ ಪರಂಪರೆಯ ಕೊಂಡಿ. ಗಾವಾನ್ ಇರಾನಿನ ಗೀಲಾನ್‌ನಿಂದ ಬಂದವನು. 1067ರಲ್ಲಿ ಬಾಗಿಲು ತೆರೆದ ಬಗ್ದಾದಿನ ನಿಜಾಮಿಯಾ ನಿಜಾಮುಲ್ ಮುಲ್ಕ್‌ನ ಮದ್ರಸಾಗಳಲ್ಲೆಲ್ಲ ಹೆಚ್ಚು ಪ್ರತಿಷ್ಠಿತ. 1091ರಲ್ಲಿ ಗಝಾಲಿ ಅದರ ಮುಖ್ಯ ಅಧ್ಯಾಪಕರಾದಾಗ ಮೂವತ್ತನಾಲ್ಕೂ ತುಂಬಿರಲಿಲ್ಲ. ಎದುರಿಗೆ ಮುನ್ನೂರು ವಿದ್ಯಾರ್ಥಿಗಳು. ಅವರು ಬಗ್ದಾದ್ ಪ್ರವೇಶಿಸಿದಾಗ ಮೈಮೇಲಿನ ಬಟ್ಟೆ ಮತ್ತು ಸವಾರಿಯ ಪ್ರಾಣಿ ಸೇರಿ 500 ದಿನಾರ್ ಬೆಲೆಯದ್ದೆಂದು ಊರಿನವರು ಲೆಕ್ಕ ಹಾಕಿದ್ದನ್ನು ಚರಿತ್ರಕಾರ ಇಬ್ನುಲ್ ಜೌಝಿ ದಾಖಲಿಸಿದ್ದಾನೆ.

ಪಾಠ ಹೇಳುತ್ತಲೇ, ಬಿಡುವಿನ ವೇಳೆಯಲ್ಲಿ, ಅವರು ಸತ್ಯವನ್ನು ಹುಡುಕುವವರೆನ್ನಿಸಿಕೊಂಡ ನಾಲ್ಕು ಗುಂಪುಗಳನ್ನು ಪರೀಕ್ಷಿಸಿದರು: ಧಾರ್ಮಿಕ ವಾದವಿದ್ಯೆಯ ಪಂಡಿತರು, ತತ್ತ್ವಜ್ಞಾನಿಗಳು, ದೋಷವಿಲ್ಲದ ಇಮಾಮನೊಬ್ಬನನ್ನು ನಂಬುವ ಬಾತಿನಿಗಳು, ಸೂಫಿಗಳು. ತತ್ತ್ವಜ್ಞಾನವನ್ನು ಗುರುವಿಲ್ಲದೆ ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಓದಿ ಮುಗಿಸಿ, ಇನ್ನೊಂದು ವರ್ಷ ಅದನ್ನೇ ಮೆಲುಕು ಹಾಕಿ, ಅದರ ಖಂಡನೆಯಾಗಿ ‘ತಹಾಫುತ್’ ಬರೆದರು. ಸೂಫಿಗಳ ಬಳಿ ಬಂದಾಗ ಪ್ರಶ್ನೆಯೇ ಬದಲಾಯಿತು. ಇಲ್ಲಿಯವರೆಗೆ ಕೇಳುತ್ತಿದ್ದದ್ದು ನಾನು ನಂಬಿರುವುದು ನಿಜವೇ ಎಂದು. ಈಗ ಎದುರಾದದ್ದು, ನಂಬಿದ್ದರಲ್ಲಿ ನಾನು ನಿಜವಾಗಿದ್ದೇನೆಯೇ ಎಂಬುದು.

ಈ ಎರಡನೆಯ ಪ್ರಶ್ನೆಗೆ ಆಗಲೇ ಎರಡು ಶತಮಾನಗಳ ಇತಿಹಾಸವಿತ್ತು. ಬಸ್ರಾದಲ್ಲಿ ಹುಟ್ಟಿ 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಅಲ್ ಮುಹಾಸಿಬಿ, ದಿನದ ಕೆಲಸಗಳ ಹಿಂದಿನ ಉದ್ದೇಶಗಳನ್ನು ಒಂದೊಂದಾಗಿ ತಪಾಸಣೆ ಮಾಡುವ ಕ್ರಮವನ್ನು ಪುಸ್ತಕವಾಗಿ ಬರೆದಿದ್ದರು. ಗಝಾಲಿ ಓದಿದ ನೈಶಾಪುರದಲ್ಲೇ ಒಂಬತ್ತನೆಯ ಶತಮಾನದಲ್ಲಿ ಮಲಾಮತಿಗಳೆಂಬ ಗುಂಪು ಬೆಳೆದಿತ್ತು. 884ರಲ್ಲಿ ತೀರಿಕೊಂಡ ಹಮ್ದೂನ್ ಅಲ್ ಖಸ್ಸಾರ್ ಅವರಲ್ಲಿ ಮುಖ್ಯರು. ಒಳ್ಳೆಯದನ್ನು ಮುಚ್ಚಿಡಬೇಕು, ಸೂಫಿ ವೇಷವೂ ಬೇಡ, ಸಂತೆಯಲ್ಲಿ ಎಲ್ಲರಂತೆ ವ್ಯಾಪಾರ ಮಾಡಿಕೊಂಡಿರಬೇಕು, ಜನ ಬೈದರೆ ಬೈಯಲಿ ಎಂಬುದು ಅವರ ದಾರಿ. ಜನರಿಗೆ ಕಾಣಲೆಂದು ಭಕ್ತಿ ಮಾಡುವ ‘ರಿಯಾ’ ಅವರೆಲ್ಲರಿಗೂ ದೊಡ್ಡ ಶತ್ರು. ದೇವರೊಬ್ಬನಿಗಾಗಿಯೇ ಮಾಡುವ ‘ಇಖ್ಲಾಸ್’ ಗುರಿ.

ಈ ಕನ್ನಡಿಯಲ್ಲಿ ನೋಡಿಕೊಂಡ ಗಝಾಲಿಗೆ ತಮ್ಮ ಅತ್ಯುತ್ತಮ ಕೆಲಸವಾದ ಬೋಧನೆಯೇ ಕೊಳೆತದ್ದಾಗಿ ಕಂಡಿತು. ಪಾಠ ಹೇಳುತ್ತಿದ್ದುದು ದೇವರಿಗಾಗಿ ಅಲ್ಲ, ಹೆಸರಿಗಾಗಿ. 1095ರ ಜುಲೈಯಿಂದ ತಿಂಗಳುಗಟ್ಟಲೆ ಹೊಯ್ದಾಟ. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡಬೇಕೆಂಬ ಮನಸ್ಸು, ಸಂಜೆಯಾಗುವಷ್ಟರಲ್ಲಿ ಅದು ಕರಗುವುದು. ಕಡೆಗೆ ದೇಹವೇ ತೀರ್ಮಾನ ಮಾಡಿತು. ಪಾಠ ಹೇಳಲು ಕೂತರೆ ನಾಲಗೆ ಹೊರಳುತ್ತಿರಲಿಲ್ಲ. ಒಂದು ದಿನವಾದರೂ ವಿದ್ಯಾರ್ಥಿಗಳ ಮನಸ್ಸಿಗೆ ಸಮಾಧಾನವಾಗಲೆಂದು ಪ್ರಯತ್ನಿಸಿದರೂ ಒಂದು ಮಾತು ಹೊರಡಲಿಲ್ಲ. ಒಂದು ತುತ್ತು ಅರಗದು, ಒಂದು ಗುಟುಕು ಇಳಿಯದು. ಇದು ಮನಸ್ಸಿನಿಂದ ಮೈಗೆ ಇಳಿದ ಕಾಯಿಲೆ, ನಮ್ಮಲ್ಲಿ ಮದ್ದಿಲ್ಲವೆಂದು ವೈದ್ಯರು ಕೈಚೆಲ್ಲಿದರು. ಹಿಂದಿನ ಬೌದ್ಧಿಕ ಸಂಶಯ ಎರಡು ತಿಂಗಳಲ್ಲಿ ಮುಗಿದಿತ್ತು, ಯಾರಿಗೂ ತಿಳಿಯದೆ. ಪ್ರಾಮಾಣಿಕತೆಯ ಸಂಶಯ ಹನ್ನೊಂದು ವರ್ಷ ಅವರನ್ನು ಅಧ್ಯಾಪನದಿಂದ ದೂರ ಇಟ್ಟಿತು. ಎರಡರಲ್ಲಿ ಯಾವುದು ಆಳವಾದದ್ದೆಂದು ಹೇಳಲು ಇಷ್ಟು ಸಾಕು.

ಆ ನವೆಂಬರಿನಲ್ಲಿ ಅವರು ಬಗ್ದಾದ್ ಬಿಟ್ಟರು. ಹಜ್‌ಗೆ ಹೊರಟಿದ್ದೇನೆಂದು ಸಾರಿ, ಒಳಗೊಳಗೆ ಸಿರಿಯಾದಲ್ಲಿ ನೆಲೆಸುವ ಯೋಚನೆ ಮಾಡಿದ್ದರು. ಖಲೀಫ ತಡೆಯಬಾರದೆಂದು ಹಾಗೆ ಮಾಡಿದೆ ಎಂದು ತಾವೇ ಬರೆದಿದ್ದಾರೆ. ಪ್ರಾಮಾಣಿಕತೆಯನ್ನು ಹುಡುಕುವ ಪ್ರಯಾಣ ಒಂದು ಮರೆಮಾಚಿನಿಂದ ಶುರುವಾದದ್ದನ್ನು ಅವರು ಬಚ್ಚಿಡದಿರುವುದೇ ಆ ಪುಸ್ತಕದ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಹೆಂಡತಿ ಮಕ್ಕಳ ಜೀವನಕ್ಕೆ ಬೇಕಾದಷ್ಟು ಉಳಿಸಿ ಮಿಕ್ಕ ಆಸ್ತಿ ಹಂಚಿದರು. ತಮ್ಮ ಅಹ್ಮದ್ ಮದ್ರಸಾದಲ್ಲಿ ಅವರ ಜಾಗದಲ್ಲಿ ಪಾಠ ಹೇಳಿದ. ಜನ ನಾನಾ ಕಾರಣ ಹುಡುಕಿದರು. 1092ರಲ್ಲಿ ನಿಜಾಮುಲ್ ಮುಲ್ಕ್ ಕೊಲೆಯಾಗಿದ್ದ; ಬಾತಿನಿಗಳ ವಿರುದ್ಧ ಬರೆದಿದ್ದ ಗಝಾಲಿಗೂ ಅವರಿಂದ ಅದೇ ಗತಿ ಬರುವ ಭಯವಿತ್ತೆಂದು ವಾದಿಸಿದ ಆಧುನಿಕ ಸಂಶೋಧಕರಿದ್ದಾರೆ. ರಾಜಕೀಯ ಕಾಲ ಕೆಟ್ಟಿದ್ದು ನಿಜ. ಆದರೆ ಜೀವಭಯಕ್ಕೆ ಓಡಿದವರು ಮುಂದಿನ ಹಲವು ವರ್ಷಗಳನ್ನು ತಮ್ಮದೇ ಉದ್ದೇಶಗಳ ವಿಚಾರಣೆಗೆ ಮೀಸಲಿಡುವುದಿಲ್ಲ.

ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಅವರು ಮಿನಾರ್ ಹತ್ತಿ ಬಾಗಿಲು ಹಾಕಿಕೊಂಡು ದಿನವಿಡೀ ಇರುತ್ತಿದ್ದರು. ಅಲ್ಲಿಂದ ಜೆರುಸಲೇಮ್, ಹೆಬ್ರಾನ್. 1096ರಲ್ಲಿ ಹೆಬ್ರಾನ್‌ನ ಇಬ್ರಾಹೀಮ್ ಪ್ರವಾದಿಯ ಗೋರಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು: ಇನ್ನು ದೊರೆಗಳ ಬಳಿ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾಗ್ವಾದಕ್ಕೆ ಇಳಿಯುವುದಿಲ್ಲ. ಆಮೇಲೆ ಹಜ್ ಮಾಡಿ, ಬಗ್ದಾದಿಗೆ ಬಂದು, ತೂಸ್‌ಗೆ ಮರಳಿದರು. ಈ ಸಲ ಬಗ್ದಾದಿನವರು ಅವರ ಬಟ್ಟೆಗೆ ಕಟ್ಟಿದ ಬೆಲೆ 15 ಖೀರಾತ್, ಒಂದು ದಿನಾರಿಗೂ ಕಡಿಮೆ.

ಈ ವರ್ಷಗಳ ಫಲ ‘ಇಹ್ಯಾ ಉಲೂಮುದ್ದೀನ್’, ನಲವತ್ತು ಪುಸ್ತಕಗಳ ಬೃಹತ್ ಗ್ರಂಥ. ಅದು ಬಳುವಳಿಯ ಆಚರಣೆಗಳನ್ನು ತಳ್ಳಿಹಾಕುವುದಿಲ್ಲ. ವುಜೂ, ನಮಾಜ್, ಉಪವಾಸ, ಝಕಾತ್ ಎಲ್ಲವನ್ನೂ ಮೊದಲಿನಿಂದ ತೆಗೆದುಕೊಂಡು, ಮಾಡುವಾಗ ಮನಸ್ಸು ಎಲ್ಲಿರಬೇಕೆಂದು ಕೇಳುತ್ತದೆ. ರಿಯಾದ ಮೇಲಿನ ಭಾಗ ಇಡೀ ಗ್ರಂಥದಲ್ಲೇ ಅತ್ಯಂತ ಸೂಕ್ಷ್ಮವಾದದ್ದು. ಹಣೆಯ ಮೇಲಿನ ಸುಜೂದ್ ಗುರುತು, ಉಪವಾಸದಿಂದ ಬಿಳಿಚಿದ ಮುಖ, ಒರಟು ಉಣ್ಣೆಯ ಅಂಗಿ, ಜನರೆದುರು ಅಲುಗುವ ತುಟಿ ಎಲ್ಲವೂ ಪ್ರದರ್ಶನವಾಗಬಲ್ಲವು. ಒಬ್ಬಾತ ಮೂವತ್ತು ವರ್ಷ ಮಸೀದಿಯ ಮೊದಲ ಸಾಲಿನಲ್ಲಿ ನಮಾಜ್ ಮಾಡಿದ್ದ. ಒಂದು ದಿನ ತಡವಾಗಿ ಎರಡನೆಯ ಸಾಲಿನಲ್ಲಿ ನಿಂತಾಗ ಜನರೆದುರು ನಾಚಿಕೆಯಾಯಿತು. ಮೊದಲ ಸಾಲಿನಲ್ಲಿ ತನ್ನನ್ನು ಜನ ನೋಡುವುದೇ ಇಷ್ಟು ದಿನ ಹಿತವಾಗಿತ್ತೆಂದು ಆಗ ಹೊಳೆದು, ಅಷ್ಟು ವರ್ಷಗಳ ನಮಾಜನ್ನೂ ಮತ್ತೆ ಮಾಡಿದ.

ಹಾಗೆಂದು ಸಂಶಯದಲ್ಲೇ ಕೊಳೆಯುವುದನ್ನು ಗಝಾಲಿ ಒಪ್ಪುವುದಿಲ್ಲ. ರಾತ್ರಿಯೆಲ್ಲ ಪ್ರಾರ್ಥಿಸುವವರ ಮನೆಯಲ್ಲಿ ತಂಗಿದವನು, ತನ್ನ ಮನೆಯಲ್ಲಿ ಎಂದೂ ಏಳದಿದ್ದರೂ, ಅಲ್ಲಿ ಎದ್ದು ನಮಾಜ್ ಮಾಡಬಹುದು. ಅದು ರಿಯಾ ಇರಬಹುದು. ಮನೆಯ ಮೆತ್ತನೆಯ ಹಾಸಿಗೆ ಇಲ್ಲದ್ದರಿಂದ ನಿದ್ದೆ ಬಿಟ್ಟು ಮೂಡಿದ ನಿಜವಾದ ಹುಮ್ಮಸ್ಸೂ ಇರಬಹುದು. ಅವರು ಕೊಡುವ ಪರೀಕ್ಷೆ ಇದು: ನೀನು ಪರದೆಯ ಹಿಂದಿದ್ದು, ಅವರನ್ನು ನೀನು ಕಾಣುತ್ತ, ನಿನ್ನನ್ನು ಅವರು ಕಾಣದಿದ್ದರೂ ಏಳುತ್ತಿದ್ದೆಯಾ? ಹೌದಾದರೆ ಎದ್ದು ಮಾಡು. ರಿಯಾ ಆಗಬಹುದೆಂಬ ಭಯಕ್ಕೆ ಒಳ್ಳೆಯ ಕೆಲಸವನ್ನೇ ಬಿಡುವುದು ಸೈತಾನನ ಇನ್ನೊಂದು ಬಲೆ.

ಎಲ್ಲರೂ ತಮ್ಮಂತೆ ನಂಬಿಕೆಯನ್ನು ಒಡೆದು ನೋಡಬೇಕೆಂದೂ ಅವರು ಹೇಳಲಿಲ್ಲ. ಮಗುವಿಗೆ ಮೊದಲು ನಂಬಿಕೆಯನ್ನು ಬಾಯಿಪಾಠ ಮಾಡಿಸಬೇಕು, ಅರ್ಥ ಆಮೇಲೆ ಬರುತ್ತದೆ ಎಂಬುದು ‘ಇಹ್ಯಾ’ದ ನಿಲುವು. ಸಾವಿಗೆ ಕೆಲವೇ ದಿನಗಳ ಮುಂಚೆ ಮುಗಿಸಿದ ಪುಸ್ತಕ ಜನಸಾಮಾನ್ಯರನ್ನು ಧಾರ್ಮಿಕ ವಾದವಿದ್ಯೆಯಿಂದ ದೂರವಿಡಬೇಕೆಂದು ವಾದಿಸುತ್ತದೆ. ತಾವು ಹಾದುಬಂದ ದಾರಿಯನ್ನು ಇತರರಿಗೆ ಮುಚ್ಚಿದರಲ್ಲ ಎಂದು ಇಂದಿನ ಓದುಗರಿಗೆ ಅನ್ನಿಸುವುದು ಸಹಜ, ಆ ಆಕ್ಷೇಪದಲ್ಲಿ ಹುರುಳೂ ಇದೆ. ಆದರೆ ಇಖ್ಲಾಸ್‌ನ ಪ್ರಶ್ನೆಯಿಂದ ಅವರು ಯಾರಿಗೂ ವಿನಾಯಿತಿ ಕೊಡಲಿಲ್ಲ.

1106ರಲ್ಲಿ ನಿಜಾಮುಲ್ ಮುಲ್ಕ್‌ನ ಮಗ, ವಜೀರ ಫಖ್ರುಲ್ ಮುಲ್ಕ್‌ನ ಒತ್ತಾಯಕ್ಕೆ ಮಣಿದು ನೈಶಾಪುರದಲ್ಲಿ ಮತ್ತೆ ಪಾಠ ಶುರುಮಾಡಿದರು. ಆಗ ಅವರನ್ನು ಕಂಡ ಸಮಕಾಲೀನ ಅಬ್ದುಲ್ ಗಾಫಿರ್ ಅಲ್ ಫಾರಿಸಿ, ತರುಣ ಗಝಾಲಿಯ ಜಂಬವನ್ನೂ ಇತರರನ್ನು ಕಡೆಗಣಿಸುತ್ತಿದ್ದ ರೀತಿಯನ್ನೂ ಬಲ್ಲವನು. ಅವರಲ್ಲಿ ಈಗ ಕಂಡ ವಿನಯ ಬರೀ ನಟನೆ ಎಂದು ಮೊದಲು ಅಂದುಕೊಂಡಿದ್ದೆ, ಹಲವು ಬಾರಿ ಭೇಟಿಯಾಗಿ ಪರೀಕ್ಷಿಸಿದ ಮೇಲೆ ನಂಬಿದೆ ಎಂದು ಅವನು ಬರೆದಿದ್ದಾನೆ. ಗಝಾಲಿ ಕೊನೆಗೆ ತೂಸ್‌ನ ಮನೆಗೆ ಮರಳಿ, ಪಕ್ಕದಲ್ಲಿ ವಿದ್ಯಾರ್ಥಿಗಳಿಗೊಂದು ಮದ್ರಸಾ, ಸೂಫಿಗಳಿಗೊಂದು ಖಾನಖಾ ಕಟ್ಟಿಕೊಂಡು, 1111ರ ಡಿಸೆಂಬರಿನಲ್ಲಿ ತೀರಿಕೊಂಡರು.

‘ಇಹ್ಯಾ’ವನ್ನು ಎಲ್ಲರೂ ಸ್ವಾಗತಿಸಲಿಲ್ಲ. ಸ್ಪೇನಿನ ಕಾರ್ಡೋಬಾದಲ್ಲಿ 1109ರಲ್ಲಿ, ಅಲ್ಮೊರಾವಿದ್ ಆಳ್ವಿಕೆಯಲ್ಲಿ, ಅದನ್ನು ಸುಟ್ಟರು; ಲೋಕದ ಲಾಭಕ್ಕಾಗಿ ಓದುವ ಫಿಕ್ಹ್ (ಧರ್ಮಕಾನೂನು) ಪಂಡಿತರ ಮೇಲೆ ಅದರಲ್ಲಿದ್ದ ಟೀಕೆ ಅಲ್ಲಿನವರನ್ನು ಚುಚ್ಚಿತ್ತು. ಪೂರ್ವದಲ್ಲಿ ಪ್ರಾಮಾಣಿಕತೆಯ ಆ ಪ್ರಶ್ನೆ ಇನ್ನೂ ಹರಿತವಾಯಿತು. ಹಮದಾನ್‌ನ ತರುಣ ಪಂಡಿತ ಐನುಲ್ ಖುಝಾತ್ ನಾಲ್ಕು ವರ್ಷದಷ್ಟು ಕಾಲ ಗಝಾಲಿಯ ಪುಸ್ತಕಗಳಲ್ಲಿ ಮುಳುಗಿ, ಆಮೇಲೆ ಗಝಾಲಿಯ ತಮ್ಮ ಅಹ್ಮದ್‌ನ ಶಿಷ್ಯನಾದ. ರೂಢಿಯಿಂದ ಮಾಡುವ ಧರ್ಮ ರೂಢಿಯನ್ನೇ ಪೂಜಿಸಿದಂತೆ ಎಂದು ಬರೆದ ಅವನನ್ನು 1131ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಮರಣದಂಡನೆಗೆ ಗುರಿಪಡಿಸಿದರು. ಅವನ ‘ತಮ್‌ಹೀದಾತ್’ ಕೃತಿಗೆ ಮುಂದೆ ವ್ಯಾಖ್ಯಾನ ಬರೆದವರಲ್ಲಿ ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ಅಲ್ಲೇ ತೀರಿಕೊಂಡ ಖ್ವಾಜಾ ಬಂದೇ ನವಾಜ್ ಗೇಸೂದರಾಜ್ ಒಬ್ಬರು.