ಯುವನಿಧಿ: ಅರ್ಜಿ ಹಾಕಿದ್ರ ಸಾಲದು, ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗೇದ ನೋಡ್ರಿ

ಕೊಕಟನೂರ: ಡಿಗ್ರಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕುಂತವರಿಗೆ ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆಯೇ ಯುವನಿಧಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ನಡುವೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಎರಡು ವರ್ಷ ಬಂತು ಅಂದ್ರ ಪದವೀಧರರಿಗೆ 72,000, ಡಿಪ್ಲೊಮಾದವರಿಗೆ 36,000. ಇದು ಬಿಡುವಂಥ ರೊಕ್ಕ ಅಲ್ಲ.

ಆದರೂ ನಮ್ಮ ಕಡೆ "ಅರ್ಜಿ ಹಾಕೇನಿ, ಒಂದು ರೂಪಾಯಿನೂ ಬಂದಿಲ್ಲ", "ನಾಕ್ ತಿಂಗಳು ಬಂತು, ಆಮೇಲೆ ಬಂದ್ ಆತು" ಅನ್ನುವ ಮಾತು ಕೇಳುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಸರ್ಕಾರದ ಕಡೆ ರೊಕ್ಕ ಇಲ್ಲ ಅಂತ ಸುಮ್ಮನಾಗುತ್ತಾರೆ. ಕಂತು ತಡ ಆಗೋದು ಇದ್ದದ್ದೇ. ಆದರೆ ಒಬ್ಬರಿಗೆ ಬಂದು ಪಕ್ಕದ ಮನೆಯವರಿಗೆ ಬಂದಿಲ್ಲ ಅಂದ್ರ ತೊಡಕು ಬಹುತೇಕ ಮೂರು ಕಡೆ ಇರುತ್ತದೆ: ಬ್ಯಾಂಕ್ ಜೋಡಣೆ, ಅಂಕಪಟ್ಟಿಯ ಆನ್‌ಲೈನ್ ದಾಖಲೆ, ಸ್ವಯಂ ಘೋಷಣೆ. ಮೂರೂ ನಾವೇ ಬೆನ್ನು ಹತ್ತಿ ಸರಿ ಮಾಡಿಸಿಕೊಳ್ಳುವಂಥವು.

ಯಾರಿಗೆ ಬರ್ತದ, ಯಾರಿಗೆ ಇಲ್ಲ

ಯೋಜನೆಯ ನೋಂದಣಿ ಶುರುವಾಗಿದ್ದು 2023ರ ಡಿಸೆಂಬರ್ 26ರಂದು. ಮೊದಲ ಕಂತನ್ನು 2024ರ ಜನವರಿ 12ರಂದು, ವಿವೇಕಾನಂದ ಜಯಂತಿ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಶಿವಮೊಗ್ಗದಲ್ಲಿ ಬಿಡುಗಡೆ ಮಾಡಿದರು. ಆಗ 2022-23ನೇ ಶೈಕ್ಷಣಿಕ ಸಾಲಿನಲ್ಲಿ ಪಾಸಾದವರಿಗೆ ಮಾತ್ರ ಇತ್ತು, ಆಮೇಲೆ 2023-24ರವರಿಗೂ ವಿಸ್ತರಿಸಿದರು. ಅದಕ್ಕೂ ಹಿಂದೆ, 2020ರಲ್ಲೋ 2021ರಲ್ಲೋ ಡಿಗ್ರಿ ಮುಗಿಸಿದವರಿಗೆ ಇದು ಇಲ್ಲ. ಕೋವಿಡ್ ವರ್ಷದಲ್ಲಿ ಪಾಸಾಗಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರೇ ಹೊರಗೆ ಉಳಿದರು ಅನ್ನೋದು ನನಗೆ ಸರಿ ಕಾಣೋದಿಲ್ಲ. ಆದರೆ ನಿಯಮ ಹಂಗ ಅದ.

ಫಲಿತಾಂಶ ಬಂದ ಮೇಲೆ 180 ದಿನ ಕೆಲಸ ಸಿಗದೆ ಇರಬೇಕು. ಪರೀಕ್ಷೆ ಬರೆದ ದಿನದಿಂದ ಅಲ್ಲ, ಫಲಿತಾಂಶದ ದಿನದಿಂದ ಎಣಿಸಬೇಕು. ಆಗಸ್ಟ್ 1ಕ್ಕೆ ರಿಸಲ್ಟ್ ಬಂದಿದ್ದರೆ 180 ದಿನ ತುಂಬೋದು ಜನವರಿ 28ಕ್ಕೆ. ಅದಕ್ಕೂ ಮೊದಲಿನ ತಿಂಗಳ ರೊಕ್ಕ ಕೇಳಿದರೆ ಬರೋದಿಲ್ಲ.

ಬಿಪಿಎಲ್ ಕಾರ್ಡ್ ಇರಲೇಬೇಕು ಅನ್ನುವ ಷರತ್ತಿಲ್ಲ. ಮನೆಯಲ್ಲಿ ಅವ್ವನಿಗೆ ಗೃಹಲಕ್ಷ್ಮಿ ಬರುತ್ತಿದೆ ಅಂತ ಮಗನ ಯುವನಿಧಿ ತಪ್ಪೋದೂ ಇಲ್ಲ.

ಗಡಿ ಭಾಗದ ನಮಗೆ ಮುಖ್ಯವಾದ ಷರತ್ತು ಇನ್ನೊಂದು: ಅರ್ಜಿದಾರರು ಕರ್ನಾಟಕದವರಾಗಿರಬೇಕು, ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅಥಣಿ, ಕಾಗವಾಡ ಕಡೆಯಿಂದ ಮಿರಜ, ಸಾಂಗಲಿ, ಜತ್ತ, ಕೊಲ್ಹಾಪುರಕ್ಕೆ ಹೋಗಿ ಕಲಿತವರು ಕಡಿಮೆ ಇಲ್ಲ. ಅವರು ಮೊದಲು ಕರ್ನಾಟಕದೊಳಗೆ ಕಲಿತ ವರ್ಷ ಎಣಿಸಲಿ. ಊರಿನ ಸಾಲಿಯಲ್ಲಿ ಹತ್ತನೇ ತರಗತಿ ತನಕ ಕಲಿತ ದಾಖಲೆ ಇದ್ದರೆ ಜೋಪಾನ ಮಾಡಿ ಇಟ್ಟುಕೊಳ್ರಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಕೇಳುವುದು ಇದಕ್ಕೇ.

ಮುಂದೆ ಎಂ.ಎ., ಎಂ.ಕಾಂ., ಬಿ.ಇಡಿ. ಅಂತ ಕಾಲೇಜಿಗೆ ಸೇರಿದವರಿಗೆ ಬರೋದಿಲ್ಲ. ಸ್ಟೈಪೆಂಡ್ ತಗೊಂಡು ಅಪ್ರೆಂಟಿಸ್ ಮಾಡುತ್ತಿರುವವರಿಗೂ ಇಲ್ಲ. ಸರ್ಕಾರಿ ಆಗಲಿ ಖಾಸಗಿ ಆಗಲಿ, ನೌಕರಿ ಇದ್ದವರಿಗೆ ಹೇಗೂ ಇಲ್ಲ. ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಕೋಚಿಂಗ್ ತಗೊಳ್ಳೋದು ಕಾಲೇಜಿಗೆ ಸೇರಿದಂಗ ಆಗೋದಿಲ್ಲ. ಅಂಥವರು ಹೆದರಬೇಕಾಗಿಲ್ಲ.

ಪಿಯುಸಿ, ಐಟಿಐಗೆ ನಿಲ್ಲಿಸಿದವರು ಈ ಯೋಜನೆಯೊಳಗೆ ಬರೋದಿಲ್ಲ. ಡಿಗ್ರಿ ನಡುವೆ ಬಿಟ್ಟವರೂ ಅಷ್ಟೇ, ಅದರಲ್ಲಿ ಈ ಸುದ್ದಿ ಬರೆಯುವವನೂ ಒಬ್ಬ.

ಅಂಗಡಿಯವರು ಓದಬೇಕಾದದ್ದು

"ನನ್ನ ಮಗ ಬಿ.ಕಾಂ. ಮುಗಿಸಿ ನಮ್ಮ ಕಿರಾಣಿ ಅಂಗಡಿಯಾಗ ಕುಂದರ್ತಾನ, ಅವನಿಗೆ ಬರ್ತದೇನ್ರಿ?" ಅನ್ನುವುದು ಬಜಾರದ ಪ್ರಶ್ನೆ. ನಿಯಮ ಹೆಸರು ಹೇಳಿ ಹೊರಗಿಟ್ಟಿರುವುದು ನೌಕರಿಯಲ್ಲಿ ಇರುವವರನ್ನು, ಮತ್ತು ರಾಜ್ಯದ್ದಾಗಲಿ ಕೇಂದ್ರದ್ದಾಗಲಿ ಸರ್ಕಾರಿ ಯೋಜನೆಯಲ್ಲಿ ಸಾಲ ಪಡೆದು ಸ್ವಂತ ಉದ್ಯೋಗ ಮಾಡುವವರನ್ನು. ಅಪ್ಪ ಊಟಕ್ಕೆ ಹೋದಾಗ ಗಲ್ಲೆ ಮೇಲೆ ಕೂರುವ ಹುಡುಗ ನೌಕರ ಅಲ್ಲ. ಆದರೆ ಆ ಹುಡುಗನ ಹೆಸರಲ್ಲೇ ಮುದ್ರಾ ಸಾಲ ಎತ್ತಿ ಮೊಬೈಲ್ ಅಂಗಡಿ ಹಾಕಿದ್ದರೆ, ಅಥಣಿ ಚಪ್ಪಲ್ ಕೆಲಸಕ್ಕೆ ಸರ್ಕಾರದ ಯೋಜನೆಯಲ್ಲಿ ಸಾಲ ತಗೊಂಡಿದ್ದರೆ, ಅರ್ಜಿ ಹಾಕಬಾರದು.

ಪದವೀಧರ ಹುಡುಗರನ್ನು ಪಗಾರಕ್ಕೆ ಇಟ್ಟುಕೊಂಡ ಮಾಲೀಕರಿಗೂ ಒಂದು ಮಾತು. "ಯುವನಿಧಿ ಬರ್ತದಲ್ಲ, ಪಗಾರ ಸ್ವಲ್ಪ ಕಡಿಮಿ ತಗೋ, ಪುಸ್ತಕದಾಗ ಬರಿಯೋದು ಬ್ಯಾಡ" ಅನ್ನುವ ಹೊಂದಾಣಿಕೆ ಮಾಡಿದರೆ ಸಿಕ್ಕಿಬೀಳುವುದು ಹುಡುಗ. ಕೆಲಸ ಇಲ್ಲ ಅಂತ ಸಹಿ ಮಾಡಿ ಘೋಷಣೆ ಕೊಟ್ಟವನು ಅವನು. ಸುಳ್ಳು ಅಂತ ಗೊತ್ತಾದರೆ ಪಡೆದ ರೊಕ್ಕ ತಿರುಗಿ ಕಟ್ಟಬೇಕಾಗುತ್ತದೆ, ಕಾನೂನು ಕ್ರಮಕ್ಕೂ ದಾರಿ ಇದೆ. ಪಿಎಫ್ ಕಡಿತ ಶುರುವಾಗಿದ್ದರಂತೂ ಆಧಾರ್ ನಂಬರ್ ಮೇಲೆ ದಾಖಲೆ ಇದ್ದೇ ಇರುತ್ತದೆ.

ಅರ್ಜಿ

ಸೇವಾ ಸಿಂಧು ಗ್ಯಾರಂಟಿ ಪೋರ್ಟಲ್‌ನಲ್ಲಿ ಸ್ವಂತ ಮೊಬೈಲಿನಿಂದಲೂ ಹಾಕಬಹುದು. ಆಗದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ ಇವೆ. ಯೋಜನೆಗೆ ಅರ್ಜಿ ಶುಲ್ಕ ಇಲ್ಲ. ಝೆರಾಕ್ಸ್, ಪ್ರಿಂಟಿನ ರೊಕ್ಕ ಬೇರೆ ಮಾತು. "ಮಂಜೂರು ಮಾಡಿಸಿ ಕೊಡ್ತೀನಿ, ಐನೂರು ಕೊಡು" ಅನ್ನುವವನ ಕೈಯಲ್ಲಿ ಮಂಜೂರು ಮಾಡುವ ಅಧಿಕಾರ ಇರೋದಿಲ್ಲ. ಫೋನಿನಲ್ಲಿ ಓಟಿಪಿ ಕೇಳುವವರಿಗೆ ಹೇಳಲೇಬೇಡ್ರಿ.

ಹೋಗುವಾಗ ಆಧಾರ್, ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಡಿಗ್ರಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ರೇಷನ್ ಕಾರ್ಡ್ ನಂಬರ್ ಒಯ್ರಿ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲೂ ಇರಬೇಕು, ಓಟಿಪಿ ಬರೋದು ಅದಕ್ಕೇ. ಹಳೇ ಸಿಮ್ ಕಳೆದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ ಆಮೇಲೆ ಅರ್ಜಿಗೆ ಹೋಗ್ರಿ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಅಂಕಪಟ್ಟಿಯಲ್ಲಿ ಮೊದಲಿಗೆ, ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ, ಇಂಥವು ನಮ್ಮ ಕಡೆ ಸಾಮಾನ್ಯ. ಹೆಸರು ಹೊಂದದಿದ್ದರೆ ಅರ್ಜಿ ಹಾಕುವ ಮೊದಲೇ ಆಧಾರ್ ತಿದ್ದಿಸುವುದು ಸುಲಭ, ಆಮೇಲೆ ಓಡಾಟ ಜಾಸ್ತಿ.

ಡಿಗ್ರಿ ಪಾಸಾದ ಮಾಹಿತಿಯನ್ನು ಪೋರ್ಟಲ್ ನಾವು ಕೊಟ್ಟ ಝೆರಾಕ್ಸ್ ಮೇಲೆ ನಂಬೋದಿಲ್ಲ. ನ್ಯಾಡ್ ಅಂತ ಕರೆಯುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರ ಇದೆ, ಅಲ್ಲಿಗೆ ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ಮಾಹಿತಿ ಏರಿಸಿರುತ್ತವೆ. ಡಿಜಿಲಾಕರ್ ತೆಗೆದು ನೋಡ್ರಿ, ನಿಮ್ಮ ಡಿಗ್ರಿ ಅಲ್ಲಿ ಕಂಡರೆ ದಾರಿ ಸಲೀಸು. ಕಾಣದಿದ್ದರೆ ಗ್ರಾಮ ಒನ್‌ನವರ ಮೇಲೆ ಸಿಟ್ಟು ಮಾಡಿ ಉಪಯೋಗ ಇಲ್ಲ. ಓದಿದ ಕಾಲೇಜಿನ ಆಫೀಸಿಗೆ ಹೋಗಿ, ರಿಜಿಸ್ಟರ್ ನಂಬರ್ ಬರೆದು, ನ್ಯಾಡ್‌ಗೆ ಏರಿಸುವಂತೆ ಅರ್ಜಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ರಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಆ ಫೈಲ್ ಎಲ್ಲಿಗೂ ಹೋಗೋದಿಲ್ಲ.

ಅರ್ಜಿ ಮುಗಿದ ಮೇಲೆ ಬರುವ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡ್ರಿ. ಸ್ಥಿತಿ ನೋಡೋದಕ್ಕೆ, ದೂರು ಕೊಡೋದಕ್ಕೆ ಅದೇ ಬೇಕು.

ರೊಕ್ಕ ಎಲ್ಲಿ ಹೋತು?

ಹೆಚ್ಚು ಗೊಂದಲ ಇಲ್ಲೇ. ಯುವನಿಧಿ ರೊಕ್ಕ ನೀವು ತೋರಿಸಿದ ಪಾಸ್‌ಬುಕ್ ನೋಡಿ ಬರೋದಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಒಂದು ಆಧಾರ್‌ಗೆ ಎಷ್ಟೇ ಬ್ಯಾಂಕ್ ಖಾತೆ ಇರಲಿ, ಸರ್ಕಾರದ ನೇರ ಜಮಾ ಬೀಳೋದು ಎನ್‌ಪಿಸಿಐ ಪಟ್ಟಿಯಲ್ಲಿ ಜೋಡಣೆಯಾದ ಒಂದೇ ಬ್ಯಾಂಕಿಗೆ. ಆಮೇಲೆ ಬೇರೆ ಬ್ಯಾಂಕಿನಲ್ಲಿ ಹೊಸದಾಗಿ ಜೋಡಿಸಿದರೆ ಹಳೆಯದು ತಾನಾಗಿಯೇ ತಪ್ಪಿಹೋಗುತ್ತದೆ.

ಆಗುವುದು ಹೀಗೆ. ಹುಡುಗ ಕಾಲೇಜಿನಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಒಂದು ಖಾತೆ ತೆರೆದಿರುತ್ತಾನೆ. ಆಮೇಲೆ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿರುತ್ತಾರೆ, ಅದು ಇದೆ ಅನ್ನೋದೇ ಅವನಿಗೆ ಗೊತ್ತಿರೋದಿಲ್ಲ. ಯುವನಿಧಿ ಆ ಖಾತೆಗೆ ಬೀಳುತ್ತಿರುತ್ತದೆ, ಇವನು ಇಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಬೇಸತ್ತಿರುತ್ತಾನೆ.

ನೋಡುವ ದಾರಿ ಎರಡು. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಯಾವ ಬ್ಯಾಂಕಿಗೆ ಜೋಡಣೆ ಆಗಿದೆ, ಅದು ಚಾಲ್ತಿಯಲ್ಲಿದೆಯೋ ಇಲ್ಲೋ ಅಲ್ಲಿ ಕಾಣುತ್ತದೆ. ಇನ್ನೊಂದು ಡಿಬಿಟಿ ಕರ್ನಾಟಕ ಆ್ಯಪ್. ಆಧಾರ್ ಮತ್ತು ಓಟಿಪಿ ಹಾಕಿದರೆ ರಾಜ್ಯ ಸರ್ಕಾರದಿಂದ ಯಾವ ಯೋಜನೆಯ ರೊಕ್ಕ, ಯಾವ ತಾರೀಖಿಗೆ, ಯಾವ ಖಾತೆಗೆ ಹೋಗಿದೆ ಅಂತ ತೋರಿಸುತ್ತದೆ. ಈ ಆ್ಯಪ್ ಮೊಬೈಲಿನಲ್ಲಿದ್ದರೆ ಗೃಹಲಕ್ಷ್ಮಿ ಕೇಳೋದಕ್ಕೂ ಬ್ಯಾಂಕಿನ ಪಾಳಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ಬ್ಯಾಂಕಿಗೆ ಹೋದಾಗ "ಆಧಾರ್ ಲಿಂಕ್ ಮಾಡ್ರಿ" ಅಂತ ಕೇಳಿದರೆ "ಆಗೇದ" ಅಂತ ಕಳಿಸುತ್ತಾರೆ. ಅವರು ಹೇಳೋದೂ ಸುಳ್ಳಲ್ಲ, ಕೆವೈಸಿಗೆ ಅಂತ ಆಗಿರುತ್ತದೆ. ನೀವು ಕೇಳಬೇಕಾದದ್ದು "ಎನ್‌ಪಿಸಿಐ ಸೀಡಿಂಗ್ ಮಾಡ್ರಿ, ಡಿಬಿಟಿ ಈ ಖಾತೆಗೇ ಬರಬೇಕು" ಅಂತ. ಅದಕ್ಕೆ ಬೇರೆ ಒಪ್ಪಿಗೆ ಫಾರ್ಮ್ ಇದೆ, ತುಂಬಿ ಕೊಡ್ರಿ. ಬ್ಯಾಂಕಿನಲ್ಲಿ ಕೆಲಸ ಆಗದಿದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅಲ್ಲೇ ಜೋಡಣೆ ಮಾಡಿಸಬಹುದು.

ನಡುವೆ ನಿಂತಿತು ಅಂದ್ರ

ಕೆಲವು ತಿಂಗಳು ಬಂದು ನಿಂತಿದ್ದರೆ ಮೊದಲು ಸ್ವಯಂ ಘೋಷಣೆ ನೋಡ್ರಿ. ನಾನು ಇನ್ನೂ ನಿರುದ್ಯೋಗಿ, ಮುಂದೆ ಓದುತ್ತಿಲ್ಲ, ಕರ್ನಾಟಕದಲ್ಲೇ ಇದ್ದೇನೆ ಅಂತ ಪೋರ್ಟಲ್‌ನಲ್ಲಿ ಆಗಾಗ ಹೇಳುತ್ತಿರಬೇಕು. ಮೊದಮೊದಲು ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಕೊಡಬೇಕಿತ್ತು. ಮಂದಿಗೆ ತ್ರಾಸ ಆಗ್ತದ ಅಂತ ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿದರು. ಇದೇ ಹೊಸ ತೊಡಕು: ತಿಂಗಳ ಕೆಲಸ ನೆನಪಿರುತ್ತದೆ, ಮೂರು ತಿಂಗಳಿಗೊಮ್ಮೆ ಬರೋದು ಮರೆತುಹೋಗುತ್ತದೆ. ಮೊಬೈಲಿನಲ್ಲಿ ಅಲಾರಂ ಇಡ್ರಿ. ಅರ್ಜಿ ಹಾಕಿದ ಪೋರ್ಟಲ್‌ನಲ್ಲೇ ಆಧಾರ್ ಓಟಿಪಿ ಹಾಕಿ ಐದು ನಿಮಿಷದಲ್ಲಿ ಮುಗಿಸಬಹುದು.

ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕಾರ್ಡ್ ಇದೆ, ಯುವನಿಧಿ ತಾನಾಗೇ ಬರ್ತದ ಅಂತ ತಿಳಿದವರಿದ್ದಾರೆ. ಅದು ಬೇರೆ, ಇದು ಬೇರೆ.

ಕಾರ್ಖಾನೆಯಿಂದ ತೆಗೆದುಹಾಕಿದವರಿಗೆ

ಡಿಗ್ರಿ ಇಲ್ಲದ, ಆದರೆ ಪಗಾರದ ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ 2018ರಲ್ಲಿ ಕೇಂದ್ರ ತಂದದ್ದು ಇದೆ. ಸರಾಸರಿ ದಿನಗೂಲಿಯ ಅರ್ಧ, ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಪಗಾರದ ಚೀಟಿಯಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದವರಿಗೆ ಮಾತ್ರ. ನಮ್ಮ ಭಾಗದ ದೊಡ್ಡ ಮಾಲೀಕ ಅಂದ್ರ ಸಕ್ಕರೆ ಕಾರ್ಖಾನೆ. 1948ರ ಇಎಸ್‌ಐ ಕಾಯ್ದೆ ಸಕ್ಕರೆ, ಬೆಲ್ಲದಂಥ ಹಂಗಾಮಿ ಕಾರ್ಖಾನೆಗಳನ್ನು ಹೊರಗೇ ಇಟ್ಟಿತ್ತು. ಅದಕ್ಕೇ ಕಬ್ಬಿನ ಹಂಗಾಮು ಮುಗಿದ ಮೇಲೆ ಮನೆಗೆ ಬರುವ ಬಹಳಷ್ಟು ಮಂದಿಗೆ ಇದು ದಕ್ಕೋದಿಲ್ಲ. ಚೀಟಿ ಇದ್ದರೆ ತೆಗೆದು ಒಮ್ಮೆ ನೋಡ್ರಿ.

ದೂರು ಎಲ್ಲಿ

ಯುವನಿಧಿ ನಡೆಸೋದು ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ. ಜಿಲ್ಲೆಗೆ ಬೆಳಗಾವಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ. ಮೂಲ ದಾಖಲೆ ಪರಿಶೀಲನೆಗೆ ಕರೆದರೆ ತಪ್ಪಿಸಬಾರದು, ಹೋಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊಬೈಲಿಗೆ ಬರುವ ಮೆಸೇಜ್ ಜಾಹೀರಾತು ಅಂತ ಅಳಿಸಬೇಡ್ರಿ.

ಬೆಳಗಾವಿ ಜಿಲ್ಲೆ ಎಷ್ಟು ಉದ್ದ ಅನ್ನೋದು ಕೊಕಟನೂರಿನಿಂದ ಹೊರಟವರಿಗೇ ಗೊತ್ತು. ಅಥಣಿಗೆ ಹೋಗಿ ಬಸ್ ಹಿಡಿದು ಕಚೇರಿ ಮುಟ್ಟಿ ತಿರುಗಿ ಬರೋದರಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ. ಚಿಕ್ಕೋಡಿ ಜಿಲ್ಲೆ ಬೇಕು ಅಂತ ಮಂದಿ ಕೇಳುವುದು ಇಂಥ ಓಡಾಟಕ್ಕೇ. ಹಾಗಾಗಿ ಹೊರಡುವ ಮೊದಲು ಪೋರ್ಟಲ್‌ನಲ್ಲಿರುವ ಸಹಾಯವಾಣಿಗೆ ಅರ್ಜಿ ನಂಬರ್ ಹೇಳಿ, ತೊಡಕು ಬ್ಯಾಂಕಿನದೋ, ಕಾಲೇಜಿನದೋ, ಕಚೇರಿಯದೋ ಕೇಳಿಕೊಳ್ರಿ. ಬ್ಯಾಂಕಿನದಾಗಿದ್ದರೆ ಬೆಳಗಾವಿಗೆ ಹೋದರೂ ಇಲ್ಲಿಗೇ ವಾಪಸ್ ಕಳಿಸುತ್ತಾರೆ. ಹೋಗಲೇಬೇಕಾದರೆ ಅಂಕಪಟ್ಟಿಗಳ ಮೂಲಪ್ರತಿ, ಎರಡು ಸೆಟ್ ಝೆರಾಕ್ಸ್, ಬ್ಯಾಂಕ್ ಜೋಡಣೆ ತೋರಿಸುವ ಪುಟದ ಪ್ರಿಂಟ್ ಒಯ್ರಿ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿ ಬಂದ್ ಇರುತ್ತವೆ, ಕ್ಯಾಲೆಂಡರ್ ನೋಡಿ ಹೊರಡ್ರಿ.